ಬ್ರೂಜ್ ಪೇಟೆಯಲ್ಲಿ ಅಪ್ಪನ ಬೀಟು

ನನಗೊಂದು ದುರಭ್ಯಾಸವಿದೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಲ್ಯಾಮಿನೇಟ್ ಮಾಡಿಸುತ್ತೇನೆ. ಎಲ್ಲಿಗಾದರೂ ಹೊರಡುವ ಮೊದಲು ಎಷ್ಟು ಹೊತ್ತಿಗೆ ಎಲ್ಲಿರಬೇಕು, ಏನು ನೋಡಬೇಕು, ಎಲ್ಲಿ ತಿನ್ನಬೇಕು ಎಂದು ಒಂದು ಹಾಳೆಯಲ್ಲಿ ಪಟ್ಟಿ ಬರೆದು, ಆಫೀಸಿನ ಯಂತ್ರದಲ್ಲಿ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಶರಟಿನ ಜೇಬಿನಲ್ಲಿಟ್ಟುಕೊಂಡರೇ ನನಗೆ ಸಮಾಧಾನ. ನನ್ನ ಹೆಂಡತಿ ವಸುಧಾ ಮೈಸೂರಿನವಳು. ಮೈಸೂರಿನವರಿಗೆ ಅವಸರವೆಂದರೆ ಅಸಹ್ಯ. "ನಿಮ್ಮ ಜೊತೆ ಟೂರ್ ಹೋಗೋದೂ ಒಂದೇ, ಎಕ್ಸಾಮ್ ಬರೆಯೋದೂ ಒಂದೇ ಕಣ್ರೀ" ಎನ್ನುತ್ತಾಳೆ. ತಪ್ಪು ನನ್ನ ಕೆಲಸದ್ದು. ಸಿಂಗಪುರದ ಸೆಂಬವಾಂಗಿನಲ್ಲಿ ಹಡಗು ರಿಪೇರಿ ಮಾಡುವ ಯಾರ್ಡೊಂದರಲ್ಲಿ ನಾನು ಎಂಜಿನಿಯರ್. ಹಡಗು ಡಾಕಿಗೆ ಬಂತೆಂದರೆ ಒಂದೊಂದು ಗಂಟೆಗೂ ಒಂದೊಂದು ಕೆಲಸ ಕಾದಿರುತ್ತದೆ. ಬಣ್ಣ ಬಳಿಯುವವನು ಬರುವ ಮೊದಲು ತುಕ್ಕು ಕೆರೆಯುವವನು ಹೋಗಿರಬೇಕು. ಹೀಗೆ ಹದಿನೈದು ವರ್ಷ ಬಾಳಿದವನಿಗೆ ಹೆಂಡತಿ ಮಕ್ಕಳೂ ಸಣ್ಣ ಸಣ್ಣ ಹಡಗುಗಳಂತೆ ಕಾಣತೊಡಗುತ್ತಾರೆ. ಇದು ಒಳ್ಳೆಯ ಲಕ್ಷಣವಲ್ಲವೆಂದು ನನಗೂ ಗೊತ್ತು.

ಈಗ ಹೇಳಹೊರಟದ್ದು ತೊಂಬತ್ತರ ದಶಕದ ನಡುವೆ, ಒಂದು ಜೂನ್ ತಿಂಗಳಲ್ಲಿ, ಬೆಲ್ಜಿಯಮ್ಮಿನ ಬ್ರೂಜ್ ಎಂಬ ಹಳೇ ಪೇಟೆಯನ್ನು ನಾವು ಸೈಕಲ್ ಮೇಲೆ ಸುತ್ತಿದ ಸಂಗತಿ. ಪ್ರವಾಸದ ಬರಹವೆಂದು ನೀವು ಗೋಪುರದ ಎತ್ತರ, ಚಾಕೊಲೇಟಿನ ರುಚಿ ನಿರೀಕ್ಷಿಸುತ್ತಿದ್ದರೆ ಕ್ಷಮಿಸಬೇಕು. ಅವೆರಡೂ ಇದರಲ್ಲಿ ಸರಿಯಾಗಿ ಸಿಗುವುದಿಲ್ಲ. ಅದೂ ಅಲ್ಲದೆ ಈ ಸೈಕಲ್ ಸವಾರಿ ಶುರುವಾಗುವುದು ಸಿಂಗಪುರದ ಬುಕಿತ್ ಪಂಜಾಂಗಿನ ನಮ್ಮ ಹನ್ನೆರಡನೇ ಮಹಡಿಯ ಮನೆಯಿಂದ. ಅದಕ್ಕೂ ಮೊದಲು ನಿಮಗೆ ನನ್ನ ಅಪ್ಪನ ಪರಿಚಯವಾಗಬೇಕು.

ಅಪ್ಪ ಉಡುಪಿಯ ಹತ್ತಿರ ಮೂವತ್ತಾರು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವರು. ಪೋಸ್ಟ್‌ಮ್ಯಾನ್ ದಿನಾ ಸುತ್ತುವ ದಾರಿಗೆ ಬೀಟು ಎನ್ನುತ್ತಾರೆ. ಅಪ್ಪನ ಬೀಟು ದಿನಕ್ಕೆ ಹನ್ನೆರಡು ಮೈಲಿ, ಅದರಲ್ಲಿ ಎರಡು ಕಡೆ ಹೊಳೆ. ಹೊಳೆಯ ಹತ್ತಿರ ಮಾತ್ರ ಸೈಕಲ್ ಅಪ್ಪನ ಹೆಗಲೇರುತ್ತಿತ್ತು, ಉಳಿದಂತೆ ಅಪ್ಪ ಸೈಕಲ್ಲಿನ ಮೇಲೆ. ನನಗೆ ಬುದ್ಧಿ ಬಂದಾಗಿನಿಂದ ಅವರು ಬರಿಗಾಲಲ್ಲಿ ಓಡಿದ್ದನ್ನು ಕಂಡಿದ್ದೇನೆ, ಮರ ಹತ್ತಿದ್ದನ್ನು ಕಂಡಿದ್ದೇನೆ, ಸುಮ್ಮನೆ ನಡೆದು ಹೋದದ್ದನ್ನು ಕಂಡ ನೆನಪೇ ಇಲ್ಲ. ಅಮ್ಮ ತೀರಿಕೊಂಡ ಮೇಲೆ ಅರವತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ಜೊತೆ ಇರಲು ಬಂದರು. ವಸುಧಾಳಿಗೆ ತುಳು ಬಾರದು. ಆದ್ದರಿಂದ ಮನೆಯ ಭಾಷೆ ಕನ್ನಡ, ಅಪ್ಪನದು ನಮ್ಮ ಊರಿನ ಕನ್ನಡ. ನನ್ನ ಹತ್ತು ವರ್ಷದ ಮಗಳು ಶ್ರುತಿಗೆ ಅದು ಪೂರ್ತಿ ಅರ್ಥವಾಗದಿದ್ದರೂ ಅಜ್ಜನ ಬಾಯಿಂದ ಬರುವ 'ಮಾರಾಯ' ಬಹಳ ಇಷ್ಟವಾಗಿ, ತನ್ನ ಚೀನೀ ಗೆಳತಿಯರಿಗೆಲ್ಲ ಕಲಿಸಿಬಿಟ್ಟಳು.

ಸಿಂಗಪುರದ ಅಂಚೆ ವ್ಯವಸ್ಥೆಯ ಬಗ್ಗೆ ಮಾತ್ರ ಅಪ್ಪನಿಗೆ ಮೊದಲ ವಾರದಲ್ಲೇ ಅಸಮಾಧಾನ ಹುಟ್ಟಿತು. ನಮ್ಮಲ್ಲಿ ಪ್ರತಿಯೊಂದು ಬ್ಲಾಕಿನ ಬುಡದಲ್ಲೂ ವಾಯ್ಡ್ ಡೆಕ್ ಎಂಬ ಖಾಲಿ ಚಾವಡಿ ಇರುತ್ತದೆ; ಎಲ್ಲ ಮನೆಗಳ ಅಂಚೆ ಪೆಟ್ಟಿಗೆಗಳೂ ಅಲ್ಲೇ ಒಂದು ಕಡೆ ಸಾಲಾಗಿ ಕೂತಿರುತ್ತವೆ. ಅಪ್ಪ ಒಂದು ಬೆಳಿಗ್ಗೆ ಅಲ್ಲಿ ನಿಂತು ಪೋಸ್ಟ್‌ಮ್ಯಾನ್ ಕೆಲಸ ಮಾಡುವುದನ್ನು ಪೂರ್ತಿ ನೋಡಿ ಬಂದರು. "ಇದೆಂತ ಪೋಸ್ಟು ಮಾರಾಯ? ನೂರು ಮನೆಯ ಕಾಗದ ನಿಂತಲ್ಲೇ ಹಾಕಿ ಹೋದ. ಒಂದು ಮನೆಯವರ ಮುಖ ನೋಡ್ಲಿಲ್ಲ, ಒಂದು ಲೋಟ ಮಜ್ಜಿಗೆ ಕುಡೀಲಿಲ್ಲ. ಅವನ ಚಪ್ಪಲಿ ಸವೆಯೂದು ಯಾವಾಗ?" ಎಂದು ನಿಜಕ್ಕೂ ಮರುಗಿದರು.

ನಮ್ಮ ಮಹಡಿಯಲ್ಲಿ ಲಿಮ್ ಅಂಕಲ್ ಎಂಬ ಮುದುಕರಿದ್ದರು. ಅವರಿಗೆ ಹೊಕ್ಕಿಯನ್ ಎಂಬ ಚೀನೀ ನುಡಿ ಮತ್ತು ಮಲಯ್ ಬಿಟ್ಟರೆ ಬೇರೆ ಭಾಷೆ ಬಾರದು, ಅಪ್ಪನಿಗೆ ತುಳು ಕನ್ನಡ ಬಿಟ್ಟರೆ ವಿಳಾಸ ಓದುವಷ್ಟು ಇಂಗ್ಲಿಷು. ಇಬ್ಬರೂ ಲಿಫ್ಟಿನ ಎದುರು ಕೂತು ಅರ್ಧರ್ಧ ಗಂಟೆ ಹರಟುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ ಅಪ್ಪ ವಿವರವಾಗಿ ಹೇಳುತ್ತಲೂ ಇದ್ದರು. ಲಿಮ್ ಅಂಕಲ್ ಹತ್ತಿರ ತುಕ್ಕು ಹಿಡಿದ ಒಂದು ಸೈಕಲ್ ಇತ್ತು. ಅಪ್ಪ ಅದರ ತುಕ್ಕು ತೆಗೆದು, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕು ಬಿಗಿದು ಕೊಟ್ಟರು. ಅಂದಿನಿಂದ ಅದರ ಒಡೆತನ ಲಿಮ್ ಅಂಕಲ್‌ದು, ಸವಾರಿ ಅಪ್ಪನದು.

ಒಂದು ದಿನ ನಾನು ಮಧ್ಯಾಹ್ನದ ಊಟದ ಡಬ್ಬಿ ಮರೆತು ಯಾರ್ಡಿಗೆ ಹೋದೆ. ವಸುಧಾ ತನ್ನ ಬ್ಯಾಂಕಿಗೆ, ಶ್ರುತಿ ಶಾಲೆಗೆ ಹೋಗಿಯಾಗಿತ್ತು. ಮೇಜಿನ ಮೇಲೆ ಡಬ್ಬಿ. ಅದರ ಪಕ್ಕದಲ್ಲಿ ಯಾರ್ಡಿನ ವಿಳಾಸ ಅಚ್ಚಾಗಿದ್ದ ಒಂದು ಲಕೋಟೆ. ತಲುಪಿಸಬೇಕಾದ ವಸ್ತುವಿದೆ, ವಿಳಾಸವಿದೆ, ಕೆಳಗೆ ಸೈಕಲ್ಲಿದೆ. ಪೋಸ್ಟ್‌ಮ್ಯಾನಿಗೆ ಇನ್ನೇನು ಬೇಕು? ಬುಕಿತ್ ಪಂಜಾಂಗಿನಿಂದ ಸೆಂಬವಾಂಗಿಗೆ ಮಂಡಾಯ್ ರಸ್ತೆ ಹಿಡಿದು ಹೋಗಬೇಕು, ಒಂಬತ್ತು ಮೈಲಿಯಾದರೂ ಆದೀತು. ಆ ರಸ್ತೆಯಲ್ಲಿ ಕಲ್ಲು ಮಣ್ಣಿನ ಲಾರಿಗಳು ಬರುವ ರಭಸಕ್ಕೆ ಬಸ್ಸಿನೊಳಗೆ ಕೂತವರಿಗೇ ಭಯವಾಗಬೇಕು. ಹನ್ನೊಂದೂವರೆಗೆ ಗೇಟಿನ ಗಾರ್ಡು, ಮಾತಿಗೊಂದು 'ಲಾ' ಸೇರಿಸುವ ಸಿಂಗಪುರದ ಇಂಗ್ಲಿಷಿನಲ್ಲಿ, ನನಗೆ ಫೋನ್ ಮಾಡಿದ: "ಸರ್, ಯುವರ್ ಫಾದರ್ ಹಿಯರ್ ಲಾ. ಸೈಕಲ್ ಆಲ್ ದ ವೇ, ಯು ನೋ!"

ಓಡಿದೆ. ಅಪ್ಪ ಬೆವರಿ ತೊಪ್ಪೆಯಾಗಿ, ಸೈಕಲ್ಲಿಗೆ ಒರಗಿ, ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ನಗುತ್ತಿದ್ದರು. ದಾರಿಯಲ್ಲಿ ಯಾವುದೋ ಪೋಸ್ಟಾಫೀಸಿಗೆ ನುಗ್ಗಿ ಲಕೋಟೆ ತೋರಿಸಿ ದಾರಿ ಕೇಳಿಕೊಂಡು ಬಂದಿದ್ದರಂತೆ. ನನಗೆ ಕಂಡದ್ದು ಆ ನಗುವಲ್ಲ, ಮಂಡಾಯ್ ರಸ್ತೆಯ ಲಾರಿಗಳು. ಭಯ ಬಾಯಿಗೆ ಬರುವಾಗ ಸಿಟ್ಟಾಗಿ ಬರುತ್ತದೆ, ನಿಮಗೂ ಗೊತ್ತಿರಬಹುದು. "ನಿಮಗೆ ಬುದ್ಧಿ ಉಂಟಾ? ಏನಾದ್ರೂ ಆಗಿದ್ರೆ ನಾನು ಯಾರಿಗೆ ಹೇಳ್ಬೇಕಿತ್ತು? ಇನ್ನು ಸೈಕಲ್ ಮುಟ್ಟಬೇಡಿ" ಎಂದು ಗಾರ್ಡಿನ ಎದುರು, ಅಲ್ಲಿ ನಿಂತಿದ್ದ ಇಬ್ಬರು ಮೂವರು ಕೆಲಸಗಾರರ ಎದುರು ಕೂಗಾಡಿದೆ. ಅಪ್ಪ "ಆಯ್ತು" ಎಂದರು. ಡಬ್ಬಿ ನನ್ನ ಕೈಗಿಟ್ಟರು. ಯಾರ್ಡಿನ ವ್ಯಾನಿನಲ್ಲಿ ಸೈಕಲ್ಲನ್ನೂ ಅವರನ್ನೂ ಹತ್ತಿಸಿ ಮನೆಗೆ ಕಳಿಸಿದೆ.

ಅದಾದ ಮೇಲೆ ಅಪ್ಪ ಸೈಕಲ್ ಮುಟ್ಟಲಿಲ್ಲ. ಮಾತು ಬಿಟ್ಟಿದ್ದರೆ, ಒಂದು ಹೊತ್ತು ಊಟ ಬಿಟ್ಟಿದ್ದರೆ ನನಗೂ ಜಗಳಾಡಲು ಒಂದು ಹಿಡಿ ಸಿಗುತ್ತಿತ್ತು. ಅವರು ಬರೀ ವಿಧೇಯರಾಗಿಬಿಟ್ಟರು. "ಕೆಳಗೆ ಹೋಗಿ ಬರ್ಲಾ?" "ಟಿವಿ ಹಾಕ್ಲಾ?" "ಕಿಟಕಿ ತೆರೀಬಹುದಾ?" ಎಂದು ಎಲ್ಲದಕ್ಕೂ ನನ್ನ ಅಪ್ಪಣೆ ಕೇಳತೊಡಗಿದರು. ಮೂವತ್ತಾರು ವರ್ಷ ಮಳೆಯಲ್ಲಿ ಹೊಳೆ ದಾಟಿದ ಮನುಷ್ಯ ಲಿಫ್ಟ್ ಇಳಿಯಲು ಮಗನನ್ನು ಕೇಳುವುದು ಕಿವಿಗೆ ಹಿತವಲ್ಲ. ವಸುಧಾ ಒಂದು ರಾತ್ರಿ ಊಟದ ನಂತರ ನನ್ನನ್ನು ಹಿಡಿದಳು. "ಹೋಗಿ ಒಂದು ಮಾತು ಸಾರಿ ಅಂತನ್ನಿ."

"ನಮ್ಮ ಕಡೆ ಅಪ್ಪನಿಗೆ ಸಾರಿ ಹೇಳೋ ರೂಢಿ ಇಲ್ಲ."

"ಬೈಯೋ ರೂಢಿ ಇದ್ಯಾ?"

ನಾನು ಪೇಪರ್ ಎತ್ತಿಕೊಂಡು ಓದಿದೆ. ಹಾಗೆ ಎರಡು ತಿಂಗಳು ಓದಿದೆ.

ಅಷ್ಟರಲ್ಲಿ ಯಾರ್ಡಿನವರು ಹಡಗಿನ ಎಂಜಿನ್ನಿನ ಬಗ್ಗೆ ಎರಡು ವಾರದ ತರಬೇತಿಗೆ ನನ್ನನ್ನು ಬೆಲ್ಜಿಯಮ್ಮಿನ ಆಂಟ್‌ವರ್ಪಿಗೆ ಕಳಿಸುವುದೆಂದಾಯಿತು. ಶಾಲೆಗೆ ರಜೆ, ಮನೆ ಮಂದಿಯೆಲ್ಲ ಹೊರಟೆವು. ತರಬೇತಿ ಗುರುವಾರ ಮುಗಿಯುತ್ತದೆ, ವಿಮಾನ ಶನಿವಾರ. ನಡುವಿನ ಶುಕ್ರವಾರಕ್ಕೆ ವಸುಧಾ ಲೈಬ್ರರಿಯಿಂದ ತಂದ ಪುಸ್ತಕ ತೋರಿಸಿ, "ಬ್ರೂಜ್. ಸೈಕಲ್ ಮೇಲೆ. ನಾಲ್ಕು ಜನಾನೂ" ಎಂದಳು. ಕೊನೆಯ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದಳು. ನಾನು ಪಟ್ಟಿ ಬರೆದು ಪ್ಲಾಸ್ಟಿಕ್ ಹೊದಿಸಿದೆ: ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸ್ಟೇಷನ್, ಒಂಬತ್ತೂವರೆಗೆ ಸೈಕಲ್, ಹತ್ತಕ್ಕೆ ಗಂಟೆ ಗೋಪುರ, ಹತ್ತು ನಲವತ್ತಕ್ಕೆ ಕಾಲುವೆ.

ಬ್ರೂಜಿನ ಕಥೆ ವಿಚಿತ್ರವಾದದ್ದು. ಒಂದು ಕಾಲಕ್ಕೆ ಅದು ದೊಡ್ಡ ವ್ಯಾಪಾರದ ಪಟ್ಟಣ, ದೇಶದೇಶದ ಹಡಗುಗಳು ಅತ್ತ ಬರುತ್ತಿದ್ದವು. ಆಮೇಲೆ ಸಮುದ್ರದ ದಾರಿಯಲ್ಲಿ ಹೂಳು ತುಂಬಿತು. ಹಡಗುಗಳು ಆಂಟ್‌ವರ್ಪಿನ ಕಡೆ ತಿರುಗಿದವು, ವರ್ತಕರು ಅವುಗಳ ಹಿಂದೆ ಹೋದರು, ಊರು ಬಡವಾಗಿ ಕೆಲವು ನೂರು ವರ್ಷ ಮಲಗಿಬಿಟ್ಟಿತು. ಬಡವರಿಗೆ ಹಳೇ ಮನೆ ಕೆಡವಿ ಹೊಸದು ಕಟ್ಟುವ ಯೋಗವೆಲ್ಲಿ? ಹಾಗಾಗಿ ಮನೆಗಳು ಉಳಿದವು, ಸೇತುವೆಗಳು ಉಳಿದವು, ಈಗ ಅವುಗಳನ್ನು ನೋಡಲು ನಮ್ಮಂಥವರು ಟಿಕೆಟ್ ತೆಗೆದುಕೊಂಡು ಹೋಗುತ್ತೇವೆ. ಸಿಂಗಪುರಕ್ಕೆ ಆ ಸೌಕರ್ಯವಿಲ್ಲ. ನಾನು ಬಂದ ಹೊಸತರಲ್ಲಿ ಚಹಾ ಕುಡಿಯುತ್ತಿದ್ದ ಹಾಕರ್ ಸೆಂಟರ್, ಅಂದರೆ ತಿಂಡಿ ಅಂಗಡಿಗಳ ಚಾವಡಿ, ಎಲ್ಲಿತ್ತೆಂದು ಈಗ ನನಗೇ ತೋರಿಸಲಾಗುವುದಿಲ್ಲ. ಹಡಗಿನ ಕೆಲಸದವನಿಗೆ ಹೂಳೆಂದರೆ ಜನ್ಮವೈರಿ. ಆ ದಿನ ಮಾತ್ರ ಹೂಳಿಗೂ ಒಂದು ನಮಸ್ಕಾರ ಹಾಕಿದೆ.

ಸ್ಟೇಷನ್ನಿನ ಹತ್ತಿರ ನಾಲ್ಕು ಸೈಕಲ್ ಬಾಡಿಗೆಗೆ ತೆಗೆದುಕೊಂಡೆವು. ಅಂಗಡಿಯಾಕೆ ಅಪ್ಪನ ಸ್ವೆಟರನ್ನೂ ಮಂಕಿ ಕ್ಯಾಪನ್ನೂ ನೋಡಿ, ಇವರಿಗೂ ಬೇಕೇ ಎಂಬಂತೆ ನನ್ನತ್ತ ತಿರುಗಿದಳು. ವಸುಧಾ "ನಾಲ್ಕು" ಎಂದು ಬೆರಳು ತೋರಿಸಿದಳು. ಅಪ್ಪ ಸೈಕಲ್ ತೆಗೆದುಕೊಂಡರು, ಟೈರು ಒತ್ತಿ ನೋಡಿದರು, ಸೀಟು ಒರೆಸಿದರು. ಹತ್ತಲಿಲ್ಲ. ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆಯತೊಡಗಿದರು.

"ಅಜ್ಜ, ಸಿಟ್ ಲಾ!" ಎಂದಳು ಶ್ರುತಿ.

"ಇಲ್ಲ ಮಗ. ನಿನ್ನ ಅಪ್ಪ ಬೇಡ ಅಂದಿದ್ದಾನೆ" ಎಂದರು ಅಪ್ಪ. ಕೊಂಕೇನೂ ಇರಲಿಲ್ಲ, ಮಳೆ ಬರ್ತಾ ಉಂಟು ಎನ್ನುವ ಹಾಗೆ ಹೇಳಿದರು.

ನೋಡಿ, ಆಗ ನಾನು ಒಂದು ಮಾತು ಹೇಳಬೇಕಿತ್ತು. "ಹತ್ತಿ ಅಪ್ಪ" ಎನ್ನುವ ಎರಡು ಶಬ್ದ ಸಾಕಿತ್ತು. ವಸುಧಾಳ ಕಣ್ಣು ನನ್ನ ಮೇಲೇ ಇತ್ತು. ಅವಳು ನೋಡುತ್ತಿದ್ದಾಳೆಂದೇ ನಾಲಗೆ ಏಳಲಿಲ್ಲ. ಮನುಷ್ಯನ ಬಿಗುಮಾನ ಎಷ್ಟು ಸಣ್ಣ ಜಾಗದಲ್ಲಿ ಎಷ್ಟು ಭದ್ರವಾಗಿ ಕೂರುತ್ತದೆ! ನಾನು ಜೇಬಿನಿಂದ ಪಟ್ಟಿ ತೆಗೆದು, "ಟೈಮಾಯ್ತು, ಹೋಗೋಣ" ಎಂದೆ.

ನಾವು ಮೂವರು ತುಳಿಯುತ್ತಾ, ಅಪ್ಪ ತಳ್ಳುತ್ತಾ ನಾಲ್ಕು ಓಣಿ ಸಾಗಿದೆವು. ಒಂದು ಸಣ್ಣ ಚೌಕದಲ್ಲಿ ಮರದ ಕೆಳಗೆ ಬೆಂಚು ಸಿಕ್ಕಿತು. "ನೀವು ನೋಡಿಕೊಂಡು ಬನ್ನಿ. ನಾನು ಇಲ್ಲಿ ಕೂತಿರ್ತೇನೆ" ಎಂದರು ಅಪ್ಪ. ವಸುಧಾ ಬೇಡವೆಂದಳು, ಶ್ರುತಿ ಕೈ ಹಿಡಿದು ಎಳೆದಳು. ನಾನು ಪಟ್ಟಿ ನೋಡಿ, "ಒಂದು ಗಂಟೆಯಲ್ಲಿ ಬರ್ತೇವೆ" ಎಂದು ಹೊರಟೇಬಿಟ್ಟೆ.

ಆ ಸೈಕಲ್ಲಿನಲ್ಲಿ ನನಗೆ ಆದ ಅವಮಾನಗಳನ್ನು ಹೇಳಿದರೆ ನಿಮಗೆ ಖುಷಿಯಾದೀತು, ಹೇಳಿಬಿಡುತ್ತೇನೆ. ಅದಕ್ಕೆ ಕೈಯಲ್ಲಿ ಬ್ರೇಕಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ನಮ್ಮ ಊರಿನಲ್ಲಿ ಸೈಕಲ್ ಕಲಿತವರಿಗೆಲ್ಲ ಒಂದು ಚಾಳಿಯಿದೆ: ಇಳಿಜಾರಿನಲ್ಲಿ ಸುಮ್ಮನಿರಲಾರದೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಟಿಕಟಿಕ ಸದ್ದು ಮಾಡುತ್ತೇವೆ. ಬ್ರೂಜಿನ ಮೊದಲ ಸೇತುವೆಯ ಇಳಿಜಾರಿನಲ್ಲಿ ನಾನು ಹಾಗೆ ಮಾಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಎದ್ದು ಮತ್ತೆ ಹತ್ತಿದೆ, ಎರಡನೆಯ ಸೇತುವೆಯಲ್ಲಿ ಮತ್ತೆ ಹಾಗೇ ಮಾಡಿದೆ. ಅದಲ್ಲದೆ ಇಲ್ಲಿ ಬಲಗಡೆ ಹೋಗಬೇಕು. ನಾನು ಹುಟ್ಟಿದ್ದೂ ಬೆಳೆದದ್ದೂ ದುಡಿದದ್ದೂ ಎಡಗಡೆ. ಎದುರಿನಿಂದ ಎರಡು ಬುಟ್ಟಿ ತರಕಾರಿ ಹೇರಿಕೊಂಡು ಬಂದ ಅಜ್ಜಿಯೊಬ್ಬಳು ನನ್ನನ್ನು ನೋಡಿ ಗೋಡೆಗೆ ಒತ್ತಿ ನಿಂತು ದೇವರ ಹೆಸರು ಹೇಳಿದಳು. ಮೈಸೂರಿನಲ್ಲಿ ಸೈಕಲ್ ತುಳಿದೇ ಕಾಲೇಜು ಮುಗಿಸಿದ ವಸುಧಾ ಮಾತ್ರ ಆ ಕಲ್ಲುಹಾಸಿನ ಮೇಲೆ ತನ್ನ ಓಣಿಯಲ್ಲೇ ಹೋದ ಹಾಗೆ ಹೋಗುತ್ತಿದ್ದಳು.

ಒಂದು ಗಂಟೆಯಾಯಿತು. ಹಿಂತಿರುಗಲು ನಕ್ಷೆ ಬಿಚ್ಚಿದೆ. ನಕ್ಷೆ ಚೆನ್ನಾಗಿಯೇ ಇತ್ತು. ತೊಂದರೆಯೆಂದರೆ ಅಪ್ಪ ಕೂತ ಚೌಕದ ಹೆಸರನ್ನು ನಾನು ನೋಡಿಕೊಂಡಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಜಾಗವನ್ನು ಗಮನಿಸುವ ಅಭ್ಯಾಸ ನನಗಿಲ್ಲ. ಗೋಪುರ ನೋಡಿಕೊಂಡು ಹೋಗೋಣವೆಂದರೆ ಆ ಊರಿಗೆ ಮೂರು ಗೋಪುರ, ಒಂದನ್ನು ಹಿಡಿದು ಹೊರಟರೆ ತಿರುವು ಕಳೆಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಮೆಟ್ಟಿಲು ಮೆಟ್ಟಿಲಾದ ಮಾಡಿನ ಮನೆ, ಕಾಲುವೆ, ಸೇತುವೆ, ಹಂಸ. ಮತ್ತೆ ಮನೆ, ಕಾಲುವೆ, ಸೇತುವೆ, ಹಂಸ. ಹಂಸಗಳೂ ಅವೇ ಇರಬೇಕೆಂದು ಅನುಮಾನ ಬಂತು. ದಾರಿಯಲ್ಲಿ ಕೇಳಿದೆ. ಎಲ್ಲರೂ ನಯವಾಗಿ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಯಾವ ಚೌಕ? ಮರವಿದೆ, ಬೆಂಚಿದೆ, ಬೆಂಚಿನ ಮೇಲೆ ನನ್ನ ಅಪ್ಪ ಇದ್ದಾರೆ ಎಂದೆ.

ಹೊರಟು ಎರಡು ಗಂಟೆಯಾಯಿತು. ಅಪ್ಪನ ಬಳಿ ಪಾಸ್‌ಪೋರ್ಟ್ ಇಲ್ಲ, ಹೋಟೆಲಿನ ಹೆಸರು ಗೊತ್ತಿಲ್ಲ, ಈ ದೇಶದ ಒಂದು ಮಾತು ಬರುವುದಿಲ್ಲ. "ಅಪ್ಪ ಕಳೆದುಹೋದರೆ ಏನು ಮಾಡೋದು ವಸು?" ಎಂದೆ. ಧ್ವನಿ ನನಗೇ ಹೊಸದಾಗಿ ಕೇಳಿಸಿತು.

ವಸುಧಾ ಸೈಕಲ್ ನಿಲ್ಲಿಸಿದಳು. "ಅವರು ಎಲ್ಲಿ ಕೂರಿಸಿದ್ವೋ ಅಲ್ಲೇ ಇದ್ದಾರೆ. ಕಳೆದುಹೋಗಿರೋದು ನಾವು ಕಣ್ರೀ."

ನನಗೆ ನಗು ಬರಲಿಲ್ಲ. ಕಾಲುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಪರದೇಶದಲ್ಲಿ ಅಪ್ಪನನ್ನು ಬಿಟ್ಟು ಬಂದೆನೆಂಬ ಭಯಕ್ಕಿಂತ, ಅಲ್ಲೇ ಕೂತಿರಿ ಎಂದರೆ ಸಂಜೆಯ ತನಕವೂ ಕೂತೇ ಇರುವ ಹಾಗೆ ಅವರನ್ನು ಮಾಡಿಟ್ಟವನು ನಾನೇ ಅಲ್ಲವೇ ಎಂಬುದು ಹೆಚ್ಚು ಚುಚ್ಚಿತು. ಆಗ ಶ್ರುತಿ ಕಿರುಚಿದಳು: "ಪಪ್ಪಾ! ಅಜ್ಜ ಸೈಕ್ಲಿಂಗ್!"

ಎದುರಿನ ಸೇತುವೆಯ ಮೇಲೆ ಮೊದಲು ಒಬ್ಬ ಪೋಸ್ಟ್‌ಮ್ಯಾನ್ ಕಂಡ. ಕೆಂಪು ಸೈಕಲ್, ಮುಂದೆ ದೊಡ್ಡ ಚೀಲ, ಕೆಂಪು ಮುಖ. ಅವನ ಹಿಂದೆ ಎರಡು ಮಾರು ದೂರದಲ್ಲಿ, ಬೆನ್ನು ನೆಟ್ಟಗೆ ಮಾಡಿ, ಮಂಕಿ ಕ್ಯಾಪಿನಲ್ಲಿ, ಬಲಗಡೆಯಲ್ಲೇ ಶಿಸ್ತಾಗಿ ನನ್ನ ಅಪ್ಪ. ಪೋಸ್ಟ್‌ಮ್ಯಾನ್ ಒಂದು ಬಾಗಿಲಿನ ಎದುರು ಇಳಿದ, ಅಪ್ಪನೂ ಇಳಿದರು. ಅವನು ಕಾಗದ ಹಾಕಿದ, ಅಪ್ಪ ಬಾಗಿಲಿನ ನಂಬರು ನೋಡಿ ತಲೆದೂಗಿದರು. ಇಬ್ಬರೂ ಹತ್ತಿದರು. ನಮ್ಮನ್ನು ಕಂಡದ್ದೇ ಅಪ್ಪ ಗಡಬಡಿಸಿ ಇಳಿದು, ಹ್ಯಾಂಡಲ್ ಹಿಡಿದು, ನನ್ನ ಮುಖ ನೋಡುತ್ತಾ ನಿಂತರು. ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗಿತ್ತು ಮುಖ.

"ನೀನು ಬೇಡ ಅಂದಿದ್ದಿ, ನಂಗೆ ನೆನಪುಂಟು" ಎಂದರು. "ಒಂದು ಗಂಟೆ ಅಂದವರು ಬರ್ಲಿಲ್ಲ. ಮಗು ಬೇರೆ ಜೊತೆಗುಂಟು. ಎಂತ ಮಾಡೂದು ಅಂತ ಯೋಚನೆ ಮಾಡುವಾಗ ಇವ ಬಂದ. ಇವನ ಬೀಟಿಗೆ ಬಿದ್ದರೆ ಪೇಟೆಯ ಈ ಬದಿಯ ಎಲ್ಲ ಓಣಿಯೂ ಒಂದು ಸಲ ಬಂದೇ ಬರ್ತದೆ ಅಲ್ವಾ? ನೀವು ಎಲ್ಲಿದ್ರೂ ಸಿಗ್ಲೇಬೇಕು."

ಹುಡುಕುವವರು ಕಳೆದುಹೋದವರ ಹಿಂದೆ ಓಡುತ್ತಾರೆ ಎಂದುಕೊಂಡಿದ್ದೆ. ಪೋಸ್ಟ್‌ಮ್ಯಾನ್ ಓಡುವುದಿಲ್ಲ, ಒಂದು ಬಾಗಿಲನ್ನೂ ಬಿಡದೆ ಬರುತ್ತಾನೆ, ಅಷ್ಟೇ. ಆ ಕೆಂಪು ಮುಖದ ಮನುಷ್ಯ ನನ್ನ ಕೈ ಕುಲುಕಿ, "ನಿಮ್ಮ ತಂದೆ ಪೋಸ್ಟ್‌ಮ್ಯಾನ್" ಎಂದು ಇಂಗ್ಲಿಷಿನಲ್ಲಿ ನನಗೇ ತಿಳಿಸಿದ. ಎದೆಗೆ ಅಡ್ಡಲಾಗಿ ಚೀಲ ಹಾಕುವ ಅಭಿನಯ ಮಾಡಿ ತೋರಿಸಿದ್ದೇ ಅಪ್ಪ ಅವನಿಗೆ ಹೇಳಿದ ಆತ್ಮಕಥೆಯಂತೆ. "ಕಾಗದ ಏನಾದ್ರೂ ಹಂಚಿದ್ರಾ ಮಾವ?" ಎಂದು ವಸುಧಾ ಕೇಳಿದಳು. ಅಪ್ಪನಿಗೆ ಗಾಬರಿಯಾಯಿತು. "ಛೆ ಛೆ! ಒಂದು ಕಾರ್ಡನ್ನೂ ನನ್ನ ಕೈಗೆ ಕೊಡ್ಲಿಲ್ಲ. ಸರಿಯಾದ ಮನುಷ್ಯ. ನಾನಾದ್ರೂ ಕೊಡ್ತಿರ್ಲಿಲ್ಲ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಪ್ಪ ಇನ್ನೂ ಸೈಕಲ್ ಹಿಡಿದು ನಿಂತೇ ಇದ್ದರು.

"ಹತ್ತಿ ಅಪ್ಪ" ಎಂದೆ. "ನೀವು ಮುಂದೆ ಹೋಗಿ. ನನಗೆ ಈ ಊರಿನ ದಾರಿ ಗೊತ್ತಿಲ್ಲ."

ಆ ಮಧ್ಯಾಹ್ನ ಬ್ರೂಜನ್ನು ನಾವು ಅಪ್ಪನ ಹಿಂದೆ ನೋಡಿದೆವು. ಗಂಟೆ ಗೋಪುರದ ಬುಡದಲ್ಲಿ ಅವರು ನಿಲ್ಲಲೂ ಇಲ್ಲ. "ಅಷ್ಟು ಎತ್ತರದಲ್ಲಿ ಯಾರ ಮನೆಯೂ ಇಲ್ಲ" ಎಂದರು. ಅವರು ತೋರಿಸಿದ್ದು ಬಾಗಿಲುಗಳನ್ನು. ಪ್ರತಿ ಬಾಗಿಲಿಗೂ ಕಾಗದ ಹಾಕಲು ಒಂದು ಹಿತ್ತಾಳೆಯ ಬಾಯಿ. ಕೆಲವು ಕೈ ತಾಗಿ ತಾಗಿ ಹೊಳೆಯುತ್ತಿದ್ದವು: "ಈ ಮನೆಯವರಿಗೆ ನೆಂಟರು ಜಾಸ್ತಿ." ಒಂದು ಕಪ್ಪುಗಟ್ಟಿತ್ತು: "ಪಾಪ, ಇವರಿಗೆ ಯಾರೂ ಬರೆಯೂದಿಲ್ಲ." ಇನ್ನೊಂದು ಮನೆಯಲ್ಲಿ ಅದು ನೆಲದಿಂದ ಒಂದು ಗೇಣು ಎತ್ತರದಲ್ಲಿತ್ತು. ಅಪ್ಪ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ, "ಇದನ್ನು ಮಾಡಿದವ ಒಂದು ದಿನ ಬಗ್ಗಿ ಕಾಗದ ಹಾಕಿದ್ರೆ ಗೊತ್ತಾಗ್ತಿತ್ತು" ಎಂದು ಸಿಡಿಮಿಡಿಗೊಂಡರು. ಕಾರಿನಲ್ಲಿ ಹೋದವರಿಗೆ ಇದು ಕಾಣುವುದಿಲ್ಲ, ನಡೆದು ಹೋದವರು ಇಷ್ಟು ಮನೆ ಮುಟ್ಟುವುದಿಲ್ಲ. ಹಳೆಯ ಪೇಟೆಯನ್ನು ಓದಲು ಸೈಕಲ್ಲಿನ ವೇಗವೇ ಸರಿಯೆಂದು ಅವತ್ತು ನನಗೆ ಅರ್ಥವಾಯಿತು. ಎರಡು ಸಲ ಮತ್ತೆ ಬಿದ್ದೆನೆಂಬುದೂ ಸತ್ಯವೇ.

ಸಂಜೆ ಆಂಟ್‌ವರ್ಪಿನ ರೈಲಿನಲ್ಲಿ ವಸುಧಾ, ಶ್ರುತಿ ಇಬ್ಬರೂ ತೂಕಡಿಸುತ್ತಿದ್ದರು. ಅಪ್ಪ ಕಿಟಕಿಯಿಂದ ದನಗಳನ್ನು ನೋಡುತ್ತಿದ್ದರು. ನಾನು ಎರಡು ಮೂರು ಸಲ ಗಂಟಲು ಸರಿಮಾಡಿಕೊಂಡೆ.

"ಅಪ್ಪ, ಅವತ್ತು ಗೇಟಿನ ಹತ್ರ ನಾನು ಹಾಗೆ ಮಾತಾಡಬಾರದಿತ್ತು."

ಅಪ್ಪ ದನಗಳಿಂದ ಕಣ್ಣು ತೆಗೆಯಲಿಲ್ಲ. "ಬೈದದ್ದಕ್ಕೆ ಬೇಜಾರಿಲ್ಲ. ಹೆದರಿದ್ದಿ, ನಂಗೆ ಗೊತ್ತಾಯ್ತು. ಆ ಗಾರ್ಡಿನ ಎದುರು ಬೈದೆಯಲ್ಲ, ಅದು ಸ್ವಲ್ಪ ತಾಗಿತು." ಆಮೇಲೆ ನನ್ನ ಕಡೆ ತಿರುಗಿದರು. "ಡಬ್ಬಿ ಊಟ ಮಾಡಿದ್ದಿಯಾ ಅವತ್ತು?"

ಮಾಡಿದ್ದೆ. ಅಪ್ಪನನ್ನು ವ್ಯಾನಿಗೆ ಹತ್ತಿಸಿ ಬಂದವನು ಅದೇ ಸಿಟ್ಟಿನಲ್ಲಿ ಡಬ್ಬಿ ತೆರೆದು, ಒಂದು ಅಗುಳು ಬಿಡದೆ ತಿಂದಿದ್ದೆ. "ಮಾಡಿದೆ" ಎಂದೆ.

"ಮತ್ತೆಂತ ಮಾರಾಯ? ಡೆಲಿವರಿ ಆಯ್ತಲ್ಲ" ಎಂದು ಅಪ್ಪ ಮತ್ತೆ ದನ ನೋಡತೊಡಗಿದರು. ನಾನು ಬೇರೆ ಕಿಟಕಿಗೆ ಮುಖ ತಿರುಗಿಸಿದೆ. ಕಣ್ಣು ಒರೆಸಿಕೊಳ್ಳುವುದಕ್ಕೆ ರೈಲಿನಲ್ಲಿ ಒಳ್ಳೆಯ ನೆಪಗಳು ಸಿಗುವುದಿಲ್ಲ.

ಸಿಂಗಪುರಕ್ಕೆ ಮರಳಿದ ಎರಡನೆಯ ದಿನವೇ ಲಿಮ್ ಅಂಕಲ್ ಸೈಕಲ್ಲಿನ ಚೈನಿಗೆ ಎಣ್ಣೆ ಬಿತ್ತು. ಮಂಡಾಯ್ ರಸ್ತೆ ಬೇಡವೆಂದು ನಾನು ಕೇಳಿಕೊಂಡೆ, ಅಪ್ಪ ಒಪ್ಪಿಕೊಂಡರು. ಹೀಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಬೆಳಿಗ್ಗೆ ಏಳಕ್ಕೆ ಅವರು ಹೊರಡುತ್ತಿದ್ದರು. "ಹೋಗ್ಲಾ?" ಎಂದು ಈಗ ಕೇಳುತ್ತಿರಲಿಲ್ಲ, "ಬರ್ತೇನೆ" ಎನ್ನುತ್ತಿದ್ದರು. ನಾನು ಪಡಸಾಲೆಯ ಕಿಟಕಿಗೆ ಹೋಗಿ, ಹನ್ನೆರಡು ಮಹಡಿ ಕೆಳಗೆ ಆ ಪುಟ್ಟ ಬಿಳಿ ತಲೆ ಬಸ್‌ಸ್ಟಾಪಿನ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಆಮೇಲೆ ಕೆಲಸಕ್ಕೆ ಹೊರಡುತ್ತಿದ್ದೆ.

ಒಂದು ವಾರವಾದ ಮೇಲೆ ಅಪ್ಪ ತಿಂಡಿ ತಿನ್ನುತ್ತಾ ಹೇಳಿದರು, "ನೀನು ಮೇಲೆ ಕಿಟಕಿಯಲ್ಲಿ ನಿಲ್ಬೇಡ ಮಾರಾಯ. ಹಿಂದಿನಿಂದ ಯಾರೋ ಸೀಟು ಹಿಡ್ಕೊಂಡು ಓಡಿ ಬಂದ ಹಾಗಾಗ್ತದೆ. ಬಿಡು."

ಬಿಟ್ಟೆ. ಮರುದಿನ ಪಡಸಾಲೆಯ ಕಿಟಕಿಯ ಪರದೆ ಅಪ್ಪನಿಗೆ ಕಾಣುವ ಹಾಗೆ ಪೂರ್ತಿ ಎಳೆದು ಮುಚ್ಚಿದೆ. ಅಡುಗೆಮನೆಯ ಕಿಟಕಿಯಿಂದ ರಸ್ತೆಯ ಆ ತಿರುವು ಚೆನ್ನಾಗಿ ಕಾಣುತ್ತದೆ. ಒಣಹಾಕಿದ ಬಟ್ಟೆಗಳ ಮರೆಯಿರುವುದರಿಂದ ಕೆಳಗಿನವರಿಗೆ ನಾವು ಕಾಣುವುದಿಲ್ಲ. ಸದ್ದು ಮಾಡದೆ ಅಲ್ಲಿಗೆ ಹೋದೆ. ವಸುಧಾ ಆಗಲೇ ಅಲ್ಲಿ ನಿಂತಿದ್ದಳು. ತಿರುಗಿ ನೋಡದೆ, ಸ್ವಲ್ಪ ಸರಿದು ನನಗೂ ಜಾಗ ಕೊಟ್ಟಳು.